ಲಾರಿ ನಡೆಸಲು ಯಾವ ಲೈಸೆನ್ಸ್ ಬೇಕು?



ಟ್ರಾಕ್ಟರ್ ನಡೆಸಬಲ್ಲವನು ಕಬ್ಬಿನ ಲಾರಿಯನ್ನೂ ನಡೆಸಬಹುದೆಂದು ಅನೇಕರು ಭಾವಿಸುವುದುಂಟು. ಕೈಗೆ ಬಂದ ಕಸುಬು ಬೇರೆ, ಕಾನೂನಿನ ಅನುಮತಿ ಬೇರೆ.

1988ರ ಮೋಟಾರು ವಾಹನ ಕಾಯಿದೆಯಂತೆ ಹಗುರ ವಾಹನದ ಮಿತಿ 7,500 ಕಿಲೋಗ್ರಾಂ. ಟ್ರಾಕ್ಟರು, ಕಾರುಗಳಿಗೆ ಬರಿಯ ವಾಹನದ ತೂಕವನ್ನು ನೋಡಬೇಕು. ಸರಕಿನ ಗಾಡಿಗೆ ಹೊರೆಯೂ ಸೇರಿದ ಒಟ್ಟು ತೂಕವನ್ನು ನೋಡಬೇಕು. ಹಗುರ ವಾಹನದ ಲೈಸೆನ್ಸ್ ಉಳ್ಳವರು ಈ ಮಿತಿಯೊಳಗಿನ ಸರಕಿನ ಗಾಡಿಯನ್ನೂ ನಡೆಸಬಹುದೆಂದು ಸುಪ್ರೀಂ ಕೋರ್ಟು 2024ರ ನವೆಂಬರಿನಲ್ಲಿ ತೀರ್ಪಿತ್ತಿದೆ. ಟ್ರಾಕ್ಟರಿಗೆ ಟ್ರೈಲರ್ ಕಟ್ಟಿದ ಮಾತ್ರಕ್ಕೆ ಟ್ರಾಕ್ಟರಿನ ಲೈಸೆನ್ಸ್ ನಿರರ್ಥಕವಾಗದೆಂದು ಅದೇ ಕೋರ್ಟು 2001ರಲ್ಲಿ ಹೇಳಿತ್ತು. ಆದರೆ ಮಿತಿ ಮೀರಿದ ಲಾರಿಗೆ ಸಾರಿಗೆ ವಾಹನದ ಲೈಸೆನ್ಸ್ ಬೇಕೇ ಬೇಕು.

ಅದನ್ನು ಪಡೆಯಲು:

1. ವಯಸ್ಸು 20 ತುಂಬಿರಬೇಕು.
2. ಹಗುರ ವಾಹನದ ಲೈಸೆನ್ಸ್ ಪಡೆದು ಕನಿಷ್ಠ 1 ವರ್ಷವಾಗಿರಬೇಕು.
3. ವೈದ್ಯರ ಪ್ರಮಾಣಪತ್ರ ಕೊಟ್ಟು, ಮೊದಲು ಎಲ್.ಎಲ್.ಆರ್. ಪಡೆದು, ಕಲಿತು, ಆರ್.ಟಿ.ಓ. ಕಛೇರಿಯ ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕು.

ಓದು ಕಡಿಮೆಯೆಂದು ಹಿಂಜರಿಯಬೇಡಿರಿ. 8ನೆಯ ತರಗತಿ ಪಾಸಾಗಿರಬೇಕೆಂಬ ನಿಯಮವನ್ನು 2019ರಲ್ಲಿ ತೆಗೆದುಹಾಕಲಾಗಿದೆ. ಈ ಲೈಸೆನ್ಸನ್ನು ಸಾಮಾನ್ಯವಾಗಿ 5 ವರ್ಷಗಳಿಗೊಮ್ಮೆ ನವೀಕರಿಸಬೇಕು.

ಇಷ್ಟೆಲ್ಲ ಏಕೆ ಎನ್ನುವಿರಾ? ತಕ್ಕ ಲೈಸೆನ್ಸ್ ಇಲ್ಲದವನ ಕೈಯಲ್ಲಿ ಲಾರಿ ಅಪಘಾತಕ್ಕೀಡಾದರೆ, ವಿಮಾ ಕಂಪನಿಯು ತಾನು ಕೊಟ್ಟ ಪರಿಹಾರದ ಹಣವನ್ನು ಮಾಲೀಕನಿಂದಲೇ ವಸೂಲು ಮಾಡಬಹುದು. ಆಗ ಹೊಲ ಮಾರುವ ಗತಿ ಬಂದೀತು. ಆದುದರಿಂದ ಬೀಗದ ಕೈ ಕೊಡುವ ಮುನ್ನ ಎರಡನ್ನು ನೋಡಿರಿ: ಆರ್.ಸಿ.ಯಲ್ಲಿ ಗಾಡಿಯ ಒಟ್ಟು ತೂಕ, ಲೈಸೆನ್ಸಿನಲ್ಲಿ ವಾಹನದ ವರ್ಗ ಮತ್ತು ಅವಧಿ.