ಎಣ್ಣೆ ಹೊಡೆಯುವ ಮುನ್ನ ಒಂದು ಫೋಟೊ

ಕಬ್ಬಿನ ಎಲೆಯ ಕೆಳಮೈಯಲ್ಲಿ ಬಿಳಿ ಕಂಡರೆ ಸಮೀರವಾಡಿ ಸುತ್ತಿನ ರೈತರ ಎದೆ ಇವತ್ತಿಗೂ ಝಲ್ಲೆನ್ನುತ್ತದೆ. 2002ರ ಮಳೆಗಾಲದಲ್ಲಿ ಮಹಾರಾಷ್ಟ್ರದ ಸಾಂಗಲಿ ಭಾಗದಲ್ಲಿ ಕಾಣಿಸಿಕೊಂಡ ಬಿಳಿ ಉಣ್ಣೆ ಹೇನು ಹೆಚ್ಚು ತಡವಿಲ್ಲದೆ ಉತ್ತರ ಕರ್ನಾಟಕದ ಕಬ್ಬನ್ನೂ ಹಿಡಿಯಿತು. ಎಲೆಯ ಬೆನ್ನ ತುಂಬ ಬಿಳಿ, ಕೆಳಗಿನ ಎಲೆಗಳ ಮೇಲೆ ಅಂಟು, ಆ ಅಂಟಿನ ಮೇಲೆ ಬೆಳೆದ ಕರಿ ಮಸಿ. ಆ ಭಯ ಇಲ್ಲಿಯ ಜನರನ್ನು ಬಿಟ್ಟಿಲ್ಲ. ಹಾಗಾಗಿ ಬಿಳಿ ಕಂಡ ದಿನವೇ ಅಂಗಡಿಗೆ ಹೋಗಿ ಎಣ್ಣೆ ತಂದು ಹೊಡೆಯುವುದು ಬಹಳ ಮಂದಿಯ ರೂಢಿ.

ಅಂಗಡಿಗೆ ಹೋಗುವ ಮೊದಲು ಒಂದು ಫೋಟೊ ತೆಗೆಯಿರಿ ಎನ್ನುವುದು ನನ್ನ ಮಾತು. ನಾನು ಮಹಾಲಿಂಗಪುರದಲ್ಲಿ ಮದುವೆ, ಸೀಮಂತ, ಪಾಸ್‌ಪೋರ್ಟ್ ಫೋಟೊ ತೆಗೆದು ಸಂಸಾರ ನಡೆಸಿದವನು. ಸಮೀರವಾಡಿ ಕಾರ್ಖಾನೆಗೆ ಕಬ್ಬು ಕಳಿಸುವ ತುಂಡು ಹೊಲವೂ ಇದೆ. ಎಲ್ಲರ ಕೈಗೂ ಮೊಬೈಲು ಬಂದು ಸ್ಟುಡಿಯೊಗೆ ಬರುವವರು ಕಡಿಮೆಯಾದ ಮೇಲೆ ಅದೇ ಕ್ಯಾಮೆರಾ, ಅದೇ ಫ್ಲ್ಯಾಶ್ ಹಿಡಿದು ಕಬ್ಬಿನೊಳಗೆ ಹೊಕ್ಕೆ. ಬರಿಗಣ್ಣಿಗೆ ಒಂದೇ ಆಗಿ ಕಾಣುತ್ತಿದ್ದ ಬಿಳಿಯಲ್ಲಿ ಎಷ್ಟೊಂದು ಬೇರೆ ಬೇರೆ ಜೀವಗಳಿವೆ ಎಂದು ಆಗ ತಿಳಿಯಿತು.

ಇಷ್ಟು ಹತ್ತಿರದಿಂದ ತೆಗೆಯುವ ಚಿತ್ರಕ್ಕೆ ಮ್ಯಾಕ್ರೊ ಎನ್ನುತ್ತಾರೆ. ಹುಳ ನಿಜದಲ್ಲಿ ಎಷ್ಟು ದೊಡ್ಡದಿದೆಯೋ ಕ್ಯಾಮೆರಾದ ಸೆನ್ಸರ್ ಮೇಲೆ ಅಷ್ಟೇ ದೊಡ್ಡದಾಗಿ ಬಿದ್ದರೆ ಅದು ಒಂದಕ್ಕೊಂದು ಅಳತೆ. ಫುಲ್ ಫ್ರೇಮ್ ಸೆನ್ಸರ್ 36 ಮಿ.ಮೀ. ಅಗಲ ಇರುತ್ತದೆ. ಚಿಟ್ಟೆ, ಸೂರ್ಯನ ಕುದುರೆಯಂಥವಕ್ಕೆ ಒಂದಕ್ಕೊಂದು ಸಾಕು. ಆದರೆ ಉಣ್ಣೆ ಹೇನು ಸುಮಾರು 2 ಮಿ.ಮೀ. ಮಾತ್ರ. ಅದು ಚೌಕಟ್ಟಿನ ಹದಿನೆಂಟನೆಯ ಒಂದು ಪಾಲನ್ನಷ್ಟೇ ತುಂಬುತ್ತದೆ. ಅದರ ಕಾಲು, ಮೀಸೆ ಕಾಣಬೇಕಾದರೆ ನಾಲ್ಕೈದು ಪಟ್ಟು ಹಿಗ್ಗಿಸಬೇಕು.

ಇದಕ್ಕೆ ದುಬಾರಿ ಮ್ಯಾಕ್ರೊ ಲೆನ್ಸೇ ಬೇಕೆಂದಿಲ್ಲ. ರೀಲ್ ಕಾಲದ 50 ಎಂಎಂ ಲೆನ್ಸನ್ನು ಉಲ್ಟಾ ತಿರುಗಿಸಿ, ನಡುವೆ ಎಕ್ಸ್‌ಟೆನ್ಷನ್ ಟ್ಯೂಬ್ ಸೇರಿಸಿ ಕ್ಯಾಮೆರಾಕ್ಕೆ ಕೂರಿಸಿದ್ದೇನೆ. ಅದಕ್ಕೆ ಅಪರ್ಚರ್ ತಿರುಗಿಸುವ ಬಳೆ ಲೆನ್ಸಿನಲ್ಲೇ ಇರುವುದರಿಂದ ಉಲ್ಟಾ ಹಾಕಿದರೂ ಕೆಲಸ ಮಾಡುತ್ತದೆ. ಹಿಗ್ಗಿದಷ್ಟೂ ಫೋಕಸ್ ತೆಳ್ಳಗಾಗುವುದೇ ಇಲ್ಲಿನ ಕಷ್ಟ. ಒಂದಕ್ಕೊಂದು ಅಳತೆಯಲ್ಲಿ ಅಪರ್ಚರ್ 11ಕ್ಕೆ ಇಟ್ಟರೂ ಸ್ಪಷ್ಟವಾಗಿ ಬರುವುದು ಸುಮಾರು ಒಂದೂಕಾಲು ಮಿ.ಮೀ. ದಪ್ಪದ ಭಾಗ. ಇನ್ನೂ ಹಿಗ್ಗಿಸಿದರೆ ಅದೂ ಇಲ್ಲ. ಗಾಳಿಗೆ ಎಲೆ ಕೂದಲೆಳೆಯಷ್ಟು ಅಲುಗಿದರೂ ಚಿತ್ರ ಹೋಯಿತು.

ನಾನು ಎಡಗೈಯಲ್ಲಿ ಎಲೆಯ ಅಂಚು ಹಿಡಿದು, ಅದೇ ಕೈಯ ಮೇಲೆ ಲೆನ್ಸ್ ಊರುತ್ತೇನೆ. ಆಗ ಎಲೆ ಅಲುಗಿದರೆ ಲೆನ್ಸೂ ಜತೆಗೇ ಅಲುಗುತ್ತದೆ. ಫೋಕಸ್ ಬಳೆ ಮುಟ್ಟದೆ ಕ್ಯಾಮೆರಾವನ್ನೇ ಎಳ್ಳಷ್ಟು ಹಿಂದೆ ಮುಂದೆ ಸರಿಸುತ್ತೇನೆ. ಫ್ಲ್ಯಾಶನ್ನು ಅತಿ ಕಡಿಮೆ ಶಕ್ತಿಯಲ್ಲಿ ಇಟ್ಟರೆ ಅದು ಸೆಕೆಂಡಿನ ಹತ್ತು ಸಾವಿರದ ಒಂದು ಪಾಲಿಗಿಂತ ಕಡಿಮೆ ಹೊತ್ತು ಬೆಳಗಿ ಆರುತ್ತದೆ. ಕೈ ನಡುಗಿದ್ದು ಅಷ್ಟರಲ್ಲಿ ಗೊತ್ತಾಗುವುದಿಲ್ಲ. ಫ್ಲ್ಯಾಶಿನ ಮುಂದೆ ಟ್ರೇಸಿಂಗ್ ಪೇಪರ್ ಕಟ್ಟಬೇಕು. ಬರಿ ಫ್ಲ್ಯಾಶ್ ಬಿದ್ದರೆ ಬಿಳಿ ಮೇಣವೆಲ್ಲ ಸುಟ್ಟು ಸುಣ್ಣವಾಗಿ ಒಂದೆಳೆಯೂ ಕಾಣದು. ಚಳಿಗಾಲದ ಬೆಳಗು ಈ ಕೆಲಸಕ್ಕೆ ಒಳ್ಳೆಯದು. ಬಿಸಿಲೇರುವ ತನಕ ಹುಳಗಳ ಮೈ ಮರಗಟ್ಟಿರುತ್ತದೆ, ಹಾರುವುದಿಲ್ಲ.

ಈಗ ಆ ಬಿಳಿಯೊಳಗೆ ನೋಡೋಣ. ಉಣ್ಣೆ ಎಂದು ನಾವು ಕರೆಯುವುದು ಹೇನಿನ ಬೆನ್ನಿನಿಂದ ಹೊರಬರುವ ಮೇಣದ ಎಳೆಗಳು. ಎಳೆಗಳ ಅಡಿಯಲ್ಲಿ ಹೇನುಗಳು ಎಲೆಗೆ ಬಾಯಿ ಚುಚ್ಚಿ ಸಾಲಾಗಿ ರಸ ಹೀರುತ್ತಿರುತ್ತವೆ. ಗಂಡಿನ ಹಂಗಿಲ್ಲದೆ ಹೆಣ್ಣು ನೇರವಾಗಿ ಮರಿ ಹಾಕುತ್ತದೆ, ಆದ್ದರಿಂದಲೇ ನೋಡನೋಡುತ್ತ ಹೊಲ ತುಂಬುತ್ತದೆ. ಹೊಸ ಮರಿಯ ಹಣೆಯನ್ನು ಹಿಗ್ಗಿಸಿ ನೋಡಿ: ಎರಡು ಚೂಪು ಕೊಂಬು. ಈ ಮರಿಗಳು ಗುಂಪಿನ ಕಾವಲುಗಾರರು. ಶತ್ರು ಬಂದರೆ ಕೊಂಬಿನಿಂದ ತಿವಿಯುತ್ತವೆ.

ಕಾವಲು ಬೇಕಾಗುವಂಥ ಶತ್ರುಗಳೂ ಅಲ್ಲೇ ಇದ್ದಾರೆ. ಮೊದಲನೆಯದು ಡೈಫಾ ಎಂಬ ಪತಂಗದ ಮರಿಹುಳು. ಹೇನುಗಳ ನಡುವೆ ನೂಲಿನ ಬಲೆ ನೇಯ್ದು, ಅದರೊಳಗೆ ಓಡಾಡುತ್ತ ಹೇನುಗಳನ್ನೇ ತಿಂದು ಬೆಳೆಯುತ್ತದೆ. ಪಕ್ಕದ ಹೊಲದ ಕಾಕಾ ಒಮ್ಮೆ ಇಂಥ ಎಲೆ ಹಿಡಿದು ಬಂದರು.

"ತಮ್ಮಾ, ಹೇನು ಸಾಲದು ಅಂತ ಈಗ ಕೀಡಿನೂ ಬಿದ್ದೈತಿ. ಎಲಿ ತಿಂದು ಮುಗಸ್ತೈತಿ."

ನಾನು ಫೋಟೊ ತೆಗೆದು ಕ್ಯಾಮೆರಾದ ಪರದೆಯಲ್ಲಿ ಹಿಗ್ಗಿಸಿ ತೋರಿಸಿದೆ. "ಕಾಕಾ, ಅದರ ಬಾಯಾಗ ಏನೈತಿ ನೋಡ್ರಿ." ಹುಳುವಿನ ದವಡೆಯಿಂದ ಹೇನಿನ ಕಾಲುಗಳು ಹೊರಚಾಚಿದ್ದವು. ಸುತ್ತಲಿನ ಎಲೆಗೆ ಒಂದು ಕಚ್ಚೂ ಬಿದ್ದಿರಲಿಲ್ಲ. ಕಾಕಾ ಬಹಳ ಹೊತ್ತು ನೋಡಿದರು. ಆ ವಾರ ಅವರು ಎಣ್ಣೆ ಹೊಡೆಯಲಿಲ್ಲ. ನಾನು ಎಷ್ಟು ಬಾಯಿಮಾತು ಹೇಳಿದ್ದರೂ ಆ ಒಂದು ಚಿತ್ರದ ಕೆಲಸ ಆಗುತ್ತಿರಲಿಲ್ಲ.

ಎರಡನೆಯದು ಮೈಕ್ರೋಮಸ್. ಕಂದು ಬಣ್ಣದ, ಬಲೆ ರೆಕ್ಕೆಯ ಸಣ್ಣ ಕೀಟ. ಇದರ ಮರಿಗೆ ಕುಡುಗೋಲಿನಂತೆ ಬಾಗಿದ ಜೋಡಿ ದವಡೆ. ಅದನ್ನು ಹೇನಿಗೆ ಚುಚ್ಚಿ ರಸ ಹೀರಿ, ಬರಿ ಸಿಪ್ಪೆ ಉಳಿಸುತ್ತದೆ. ಹುಳು ದೊಡ್ಡದಾಗಿ ರೆಕ್ಕೆ ಬಂದ ಮೇಲೂ ಹೇನೇ ಆಹಾರ. ಧಾರವಾಡದ ಕೃಷಿ ವಿಶ್ವವಿದ್ಯಾಲಯದ ವಿಜ್ಞಾನಿಗಳು ಇದನ್ನು ಸಾಕಿ ಬೆಳೆಸುವ ವಿಧಾನ ರೂಪಿಸಿ ಹೊಲಗಳಿಗೆ ಬಿಡಿಸಿದರು. ಈಶಾನ್ಯ ಭಾರತದಿಂದ ಎನ್ಕಾರ್ಸಿಯಾ ಎಂಬ ಅತಿ ಸಣ್ಣ ಕಣಜವನ್ನೂ ತಂದು ಬಿಟ್ಟರು. ಉಣ್ಣೆ ಹೇನಿನ ಹಾವಳಿ ಹತೋಟಿಗೆ ಬರುವುದರಲ್ಲಿ ಈ ಜೀವಗಳ ಪಾಲು ದೊಡ್ಡದು. ಕಂಡ ಕಂಡಲ್ಲಿ ವಿಷ ಹೊಡೆದರೆ ಹೇನಿನ ಜತೆ ಇವೂ ಸಾಯುತ್ತವೆ. ಹೇನು ಮತ್ತೆ ಬೇಗ ಹೆಚ್ಚುತ್ತದೆ, ಇವು ಅಷ್ಟು ಬೇಗ ಹೆಚ್ಚುವುದಿಲ್ಲ.

ಇನ್ನೊಂದು ಬಿಳಿಯೂ ಇದೆ. ಕಬ್ಬಿಗೆ ಪೈರಿಲ್ಲಾ ಜಿಗಿಹುಳು ಬಿದ್ದ ವರ್ಷ ಎಲೆಯ ಮೇಲೆ ಬಿಳಿ ಗೂಡುಗಳು ಅಂಟಿಕೊಂಡಿರುತ್ತವೆ. ಬಹಳ ಮಂದಿ ಅದನ್ನು ರೋಗವೆಂದೇ ತಿಳಿಯುತ್ತಾರೆ. ಲೆನ್ಸಿನಲ್ಲಿ ನೋಡಿದರೆ ಅದು ರೇಷ್ಮೆಯಂಥ ನೂಲು ಸುತ್ತಿದ ಮೊಟ್ಟೆಯಾಕಾರದ ಗೂಡು, ಎಪಿರಿಕೇನಿಯಾ ಪತಂಗದ್ದು. ಇದರ ಮರಿ ಪೈರಿಲ್ಲಾದ ಮೈಗೆ ಅಂಟಿಕೊಂಡು ಅದರ ಸಾರ ಹೀರುತ್ತದೆ. ಬೆನ್ನಿಗೆ ಬಿಳಿ ಹೊರೆ ಹೊತ್ತು ಕೂತ ಪೈರಿಲ್ಲಾ ಕಂಡರೆ ಅದರ ದಿನ ಮುಗಿಯಿತೆಂದೇ ಲೆಕ್ಕ. ಗೂಡುಗಳು ಹೆಚ್ಚಾಗಿರುವ ಹೊಲದಲ್ಲಿ ಎಣ್ಣೆ ಹೊಡೆದರೆ ಬಂದ ನೆರವನ್ನು ನಾವೇ ಕೊಂದಂತೆ.

ಎಳೆ ಕಬ್ಬಿನಲ್ಲಿ ಸುಳಿ ಕೊರಕದ ಪತಂಗ ಎಲೆಯ ಕೆಳಗೆ ಸಾಲಾಗಿ ಇಡುವ ಮೊಟ್ಟೆಗಳೂ ಬೆಳ್ಳಗಿರುತ್ತವೆ. ನಾವು ಎಲೆಗೆ ಕಟ್ಟುವ ಟ್ರೈಕೋಗ್ರಾಮಾ ಕಾರ್ಡಿನಿಂದ ಹೊರಬೀಳುವ ಕಣಜ ಅರ್ಧ ಮಿ.ಮೀ. ಆಸುಪಾಸು. ಅದು ಕೊರಕದ ಮೊಟ್ಟೆಯೊಳಗೆ ತನ್ನ ಮೊಟ್ಟೆ ಇಡುತ್ತದೆ. ಕೆಲವೇ ದಿನದಲ್ಲಿ ಆ ಮೊಟ್ಟೆ ಪೂರ್ತಿ ಕರ್ರಗಾಗುತ್ತದೆ. ಕಾರ್ಡು ಕೆಲಸ ಮಾಡಿದೆಯೋ ಇಲ್ಲವೋ ಎಂದು ಅನುಮಾನ ಪಡುವ ರೈತರಿಗೆ ಈ ಕಪ್ಪು ಮೊಟ್ಟೆಯ ಚಿತ್ರಕ್ಕಿಂತ ಒಳ್ಳೆಯ ಉತ್ತರ ನನಗೆ ಗೊತ್ತಿಲ್ಲ.

ಇಷ್ಟೆಲ್ಲ ನೋಡಲು ಸ್ಟುಡಿಯೊ ಕ್ಯಾಮೆರಾ ಬೇಡ. ಮೊಬೈಲಿಗೆ ಸಿಕ್ಕಿಸುವ ಸಣ್ಣ ಕ್ಲಿಪ್ ಲೆನ್ಸ್ ಸಾಕು. ಎಲೆಯನ್ನು ಕೀಳದೆ ಮೆಲ್ಲಗೆ ಮಗುಚಿ, ಕೈಯನ್ನು ಊರಿಕೊಂಡು ತೆಗೆಯಿರಿ. ಇಡೀ ಗಿಡದ್ದೊಂದು, ಎಲೆಯದ್ದೊಂದು, ಹುಳದ ಹತ್ತಿರದ್ದೊಂದು ಚಿತ್ರವಿದ್ದರೆ ಗುರುತಿಸುವವರಿಗೆ ಸುಲಭ. ಪಕ್ಕದಲ್ಲಿ ಬೆಂಕಿಕಡ್ಡಿ ಹಿಡಿದರೆ ಅಳತೆಯೂ ಸಿಗುತ್ತದೆ. ಕಬ್ಬಿನ ಎಲೆಯ ಅಂಚು ಕೈ ಕೊಯ್ಯುತ್ತದೆ, ತುಂಬುತೋಳಿನ ಅಂಗಿ ಹಾಕಿ. ರವದಿಯೊಳಗೆ ಹಾವಿರುತ್ತವೆ, ಕಾಲಿಗೆ ಬೂಟು ಇರಲಿ. ಒಳ್ಳೆಯ ಚಿತ್ರದ ಆಸೆಗೆ ಹುಳವನ್ನು ಫ್ರಿಜ್ಜಿನಲ್ಲಿಟ್ಟು ಮರಗಟ್ಟಿಸುವವರೂ ಇದ್ದಾರೆ. ದಯವಿಟ್ಟು ಅದನ್ನು ಮಾಡಬೇಡಿ. ಹುಳ ಎಲ್ಲಿ, ಏನು ಮಾಡುತ್ತಿತ್ತು ಎನ್ನುವುದೇ ನಮಗೆ ಬೇಕಾದ ಸುದ್ದಿ.

ಕೇಳಲು ಹತ್ತಿರದಲ್ಲೇ ಬಲ್ಲವರಿದ್ದಾರೆ. ಸಮೀರವಾಡಿಯಲ್ಲೇ ಕೆ.ಜೆ. ಸೋಮಯ್ಯ ಕೃಷಿ ಸಂಶೋಧನಾ ಸಂಸ್ಥೆ ಇದೆ, ಸಂಕೇಶ್ವರದಲ್ಲಿ ಧಾರವಾಡ ಕೃಷಿ ವಿಶ್ವವಿದ್ಯಾಲಯದ ಸಂಶೋಧನಾ ಕೇಂದ್ರ ಇದೆ. ಬೆಂಗಳೂರಿನ ಹೆಬ್ಬಾಳದಲ್ಲಿ ಕೃಷಿ ಕೀಟಗಳಿಗೆಂದೇ ರಾಷ್ಟ್ರೀಯ ಸಂಸ್ಥೆ ಇದೆ. ಸ್ಪಷ್ಟ ಚಿತ್ರ ಕೈಯಲ್ಲಿದ್ದರೆ ತಜ್ಞರು ಹೇಳುವ ಮಾತೂ ಸ್ಪಷ್ಟವಾಗಿರುತ್ತದೆ.

ನನ್ನದೊಂದು ಬೇಡಿಕೆ ಇದೆ. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ತಾಲ್ಲೂಕುಗಳ ಪ್ರತಿ ರೈತ ಸಂಪರ್ಕ ಕೇಂದ್ರದ ಗೋಡೆಯ ಮೇಲೆ ನಮ್ಮ ಹೊಲಗಳಲ್ಲೇ ತೆಗೆದ ಮಿತ್ರ ಕೀಟಗಳ ದೊಡ್ಡ ಚಿತ್ರ ಇರಬೇಕು: ಮೊಟ್ಟೆ, ಮರಿ, ಗೂಡು, ರೆಕ್ಕೆ ಬಂದ ಹುಳು, ಎಲ್ಲ ಹಂತದ್ದೂ. ಚಿತ್ರ ಕೊಡಲು ನಾನು ಸಿದ್ಧ, ನಮ್ಮ ಊರುಗಳ ಹುಡುಗರೂ ಕೊಡುತ್ತಾರೆ. ಹೊಡೆಯಲೇಬೇಕಾದ ದಿನ ಬಂದರೆ ಎಣ್ಣೆ ಹೊಡೆಯೋಣ. ಅದು ಯಾರ ಮೇಲೆ ಬೀಳುತ್ತದೆ ಎಂದು ತಿಳಿದು ಹೊಡೆಯೋಣ.