ಅಬಲೂರಿನ ಕಲ್ಲಿಗೆ ನೀರಬಣ್ಣ

ಪ್ರವಾಸದಲ್ಲಿ ಫೋಟೊ ತೆಗೆದವರು ಗುಡಿಯನ್ನು ನೋಡಿರುತ್ತಾರೆ, ಚಿತ್ರ ಬರೆದವರು ಅದನ್ನು ಓದಿರುತ್ತಾರೆ. ಇದು ನನ್ನ ಗಟ್ಟಿ ನಂಬಿಕೆ. ಹಿರೇಕೆರೂರು ತಾಲ್ಲೂಕಿನ ಅಬಲೂರಿಗೆ ಹೋದಾಗಲೆಲ್ಲ ಅದು ಇನ್ನಷ್ಟು ಗಟ್ಟಿಯಾಗುತ್ತದೆ.

ಇಲ್ಲಿನ ಸೋಮೇಶ್ವರ ಗುಡಿಯಲ್ಲಿ ಶಿವಭಕ್ತ ಏಕಾಂತದ ರಾಮಯ್ಯನ ಕಥೆ ಶಿಲ್ಪಗಳಲ್ಲಿದೆ. ಸುಮಾರು 1200ರ ಶಾಸನವೂ ಅದನ್ನೇ ಹೇಳುತ್ತದೆ: ಜೈನರೊಡನೆ ಪಂಥ ಕಟ್ಟಿ ಶಿವನಿಗೆ ತಲೆ ಅರ್ಪಿಸಿದ್ದು, ಏಳು ದಿನದ ಮೇಲೆ ತಲೆ ಮತ್ತೆ ಕೂಡಿದ್ದು. ಆ ಪುಟ್ಟ ಆಕೃತಿಗಳನ್ನು ಪೆನ್ಸಿಲ್ಲಿನಲ್ಲಿ ಹಿಂಬಾಲಿಸಿದರೆ ಯಾರ ಕೈ ಎತ್ತ ಚಾಚಿದೆ ಎಂಬುದು ಆಗ ಕಾಣುತ್ತದೆ.

ಹೀಗೆ ಗುಡಿಯೆದುರು ಕೂತು ನೀರಬಣ್ಣದಲ್ಲಿ ಬರೆಯಲು ಸಾಮಾನು ಕಡಿಮೆ ಸಾಕು: 300 ಜಿಎಸ್‌ಎಂ ಕಾಗದದ ಪುಸ್ತಕ, ಪುಟ್ಟ ಬಣ್ಣದ ಡಬ್ಬಿ, ಒಂದು ದುಂಡು ಬ್ರಷ್, ನೀರಿನ ಬಾಟಲಿ, ಹಳೇ ಪಂಚೆಯ ತುಂಡು. ಕಲ್ಲಿನ ಬೂದಿಗೆ ಕಪ್ಪು ಬೇಡ. ಅಲ್ಟ್ರಾಮರೀನ್ ನೀಲಿಗೆ ಬರ್ನ್ಟ್ ಸಿಯೆನ್ನಾ ಕೂಡಿಸಿ. ನೀಲಿ ಹೆಚ್ಚಾದರೆ ನೆರಳು, ಕಂದು ಹೆಚ್ಚಾದರೆ ಬಿಸಿಲು ಬಿದ್ದ ಕಂಬ. ಬೆಳಕಿನ ಜಾಗಕ್ಕೆ ಬಣ್ಣವನ್ನೇ ಹಚ್ಚಬೇಡಿ, ಕಾಗದದ ಬಿಳುಪೇ ಬೆಳಕು. ಬೇಸಿಗೆಯಲ್ಲಿ ಬಣ್ಣ ಬೇಗ ಆರಿ ಅಂಚಿನಲ್ಲಿ ಗೆರೆ ನಿಲ್ಲುತ್ತದೆ, ಅದಕ್ಕೇ ಮೊದಲು ಕಾಗದವನ್ನು ತುಸು ಒದ್ದೆ ಮಾಡಿಕೊಳ್ಳುತ್ತೇನೆ.

ಬಯಲಲ್ಲೇ ಕೂತು ಬೆಂಗಳೂರಿನ ಹೂಮರಗಳನ್ನು ನೀರಬಣ್ಣದಲ್ಲಿ ಹಿಡಿದ ರುಮಾಲೆ ಚನ್ನಬಸವಯ್ಯ (1910–1988) ನನಗೆ ಗುರುಸಮಾನರು.

ಚಿತ್ರದ ಪಕ್ಕ ತಾರೀಖು, ಹೊತ್ತು, ಗಾಳಿ ಹೇಗಿತ್ತು ಎಂಬುದನ್ನೂ ಬರೆದಿಡಿ. ಗುಡಿಗೆ ಬೆಳಗ್ಗೆಯೇ ಹೋಗಿ. ಪೂಜೆಗೆ ಬಂದವರ ದಾರಿ ಬಿಟ್ಟು ಕೂರಿ, ಬ್ರಷ್ ತೊಳೆದ ನೀರನ್ನು ಗುಡಿಯ ಹೊರಗೇ ಚೆಲ್ಲಿ.