ಪರಸ್ಥಳದ ಒಕ್ಕಲು: ವಲಸೆಯಿಂದ ಜನವೃದ್ಧಿಯ ವಿಚಾರ

ಹೊರಗಿನವರನ್ನು ಬರಮಾಡಿಕೊಂಡು ಒಂದು ದೇಶವು ತನ್ನ ಜನಸಂಖ್ಯೆಯನ್ನು ಹೆಚ್ಚಿಸಿಕೊಳ್ಳುವುದು ಉಚಿತವೇ ಎಂಬ ಪ್ರಶ್ನೆ ಇಂದು ಪ್ರಪಂಚದ ಹಲವು ಕಡೆಗಳಲ್ಲಿ ಚರ್ಚೆಗೆ ಬಂದಿದೆ. ಜನನಪ್ರಮಾಣ ಇಳಿದಿರುವ ದೇಶಗಳಿಗೆ ದುಡಿಯುವ ಕೈಗಳು ಬೇಕಾಗಿವೆ. ಬಂದವರಿಗೆಲ್ಲ ಮನೆಗಳೆಲ್ಲಿ ಎಂಬ ಅಳಲೂ ಅಲ್ಲಿಯೇ ಎದ್ದಿದೆ. ನಮ್ಮ ಓದುಗರಲ್ಲಿ ಕೆಲವರಿಗೆ ಇದು ದೂರದ ಮಾತಾಗಿ ತೋರಬಹುದು. ಜನಸಂಖ್ಯಾಸ್ಫೋಟದ ಪಾಠವನ್ನು ತರಗತಿಗಳಲ್ಲಿ ಹೇಳಿ ಹೇಳಿ ನಮಗೆ ಅದೇ ಅಭ್ಯಾಸವಾಗಿಬಿಟ್ಟಿದೆ. ಆದರೆ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಒಬ್ಬ ಸ್ತ್ರೀಗೆ ಹುಟ್ಟುವ ಮಕ್ಕಳ ಸರಾಸರಿ ಸಂಖ್ಯೆ 1.7 ಮಾತ್ರ. ಒಂದು ತಲೆಮಾರು ತನ್ನ ಸ್ಥಾನದಲ್ಲಿ ಅಷ್ಟೇ ಜನರನ್ನು ಬಿಟ್ಟುಹೋಗಬೇಕಾದರೆ ಈ ಸಂಖ್ಯೆ 2.1ರಷ್ಟಿರಬೇಕು. ಆದುದರಿಂದ ಇಂದು ನಮ್ಮ ಮುಂದೆ ಕುಳಿತಿರುವ ವಿದ್ಯಾರ್ಥಿಗಳು ಮಧ್ಯವಯಸ್ಸಿಗೆ ಬರುವ ವೇಳೆಗೆ ಈ ಪ್ರಶ್ನೆ ಅವರ ಮನೆಬಾಗಿಲಿಗೇ ಬಂದಿರುತ್ತದೆ.

ಇದನ್ನು ಅರ್ಥಶಾಸ್ತ್ರಜ್ಞರಿಗೇ ಬಿಟ್ಟುಕೊಡಬೇಕಾದ ಕಾರಣವಿಲ್ಲ. ತುಮಕೂರು ಸೀಮೆಯ ಚರಿತ್ರೆಯಲ್ಲಿ ಜನರನ್ನು ಕರೆತಂದು ನೆಲೆಗೊಳಿಸಿದ ನಿದರ್ಶನಗಳೂ ಇವೆ, ನೆಲೆನಿಂತವರನ್ನು ಎಬ್ಬಿಸಿಕೊಂಡು ಹೋದ ನಿದರ್ಶನವೂ ಇದೆ. ಅವುಗಳಿಂದ ಏನು ತಿಳಿದುಬರುತ್ತದೆಂಬುದನ್ನು ಪರಿಶೀಲಿಸುವುದೇ ಈ ಲೇಖನದ ಉದ್ದೇಶ.

ಮೊದಲು ಒಂದು ಶಬ್ದದ ವಿಚಾರ. ಕನ್ನಡದಲ್ಲಿ 'ಒಕ್ಕಲು' ಎಂದರೆ ಒಂದು ಮನೆ, ಆ ಮನೆಯ ಜನ, ನೆಲವನ್ನು ಗೇಯುವ ಕುಟುಂಬ. ಹೊಸ ಸ್ಥಳದಲ್ಲಿ ನೆಲಸುವುದು ಒಕ್ಕಲು ಹೂಡುವುದು; ಇದ್ದವರನ್ನು ಬಿಡಿಸುವುದು ಒಕ್ಕಲೆಬ್ಬಿಸುವುದು. ಒಂದು ಊರು ಎಷ್ಟು ದೊಡ್ಡದೆಂದು ಕೇಳಿದರೆ ನಮ್ಮ ಹಿರಿಯರು ತಲೆಗಳ ಲೆಕ್ಕ ಹೇಳುತ್ತಿರಲಿಲ್ಲ. ಇಷ್ಟು ಒಕ್ಕಲಿನ ಊರು ಎನ್ನುತ್ತಿದ್ದರು. ತಲೆಗೂ ಒಕ್ಕಲಿಗೂ ಇರುವ ಈ ಭೇದವನ್ನು ಓದುಗರು ನೆನಪಿನಲ್ಲಿಡಬೇಕೆಂದು ಕೋರುತ್ತೇನೆ.

ಜನರನ್ನು ತಂದು ನೆಲೆಗೊಳಿಸುವ ವಿಚಾರದಲ್ಲಿ ನಮಗೆ ದೊರೆತಿರುವ ಹಳೆಯ ಶಾಸ್ತ್ರಗ್ರಂಥವೆಂದರೆ ಕೌಟಿಲ್ಯನ ಅರ್ಥಶಾಸ್ತ್ರ. ಅದರ ಓಲೆಪ್ರತಿಯನ್ನು ಮೈಸೂರಿನ ಪ್ರಾಚ್ಯ ಗ್ರಂಥಾಲಯದಲ್ಲಿ ಗುರುತಿಸಿ, 1909ರಲ್ಲಿ ಅಚ್ಚುಮಾಡಿಸಿದವರು ಆರ್. ಶಾಮಶಾಸ್ತ್ರಿಗಳು. ಎರಡನೆಯ ಅಧಿಕರಣದ ಆರಂಭದಲ್ಲಿಯೇ ಈ ವಿಷಯ ಬರುತ್ತದೆ. ಜನಪದವನ್ನು ಪರದೇಶದಿಂದ ಜನರನ್ನು ಸೆಳೆದಾದರೂ, ಸ್ವದೇಶದಲ್ಲಿ ಹೆಚ್ಚಾದವರನ್ನು ಕಳುಹಿಸಿಯಾದರೂ ನೆಲೆಗೊಳಿಸಬೇಕು. ಊರಿಗೆ ನೂರಕ್ಕೆ ಕಡಮೆಯಿಲ್ಲದಂತೆ, ಐದುನೂರಕ್ಕೆ ಮೀರದಂತೆ ಕುಟುಂಬಗಳಿರಬೇಕು ಎಂದು ಅಲ್ಲಿ ಹೇಳಿದೆ. ಇದಕ್ಕಿಂತ ಗಮನಾರ್ಹವಾದುದು ಅನಂತರದ ಭಾಗ. ಬಂದವರಿಗೆ ಧಾನ್ಯ, ಪಶು, ಹಣಗಳನ್ನು ಕೊಟ್ಟು ಅನುಗ್ರಹಿಸಬೇಕು. ಅದನ್ನು ಅವರು ತಮಗೆ ಅನುಕೂಲವಾದಾಗ ಹಿಂದಿರುಗಿಸಲಿ. ಬೀಳುನೆಲವನ್ನು ಹಸನುಮಾಡುತ್ತಿರುವವನಿಂದ ಆ ನೆಲವನ್ನು ಕಿತ್ತುಕೊಳ್ಳಬಾರದು. ಕೌಟಿಲ್ಯನು ಮೃದುಹೃದಯನೆಂದು ಯಾರೂ ಹೇಳುವುದಿಲ್ಲ. ಅವನ ದೃಷ್ಟಿ ಬೊಕ್ಕಸದ ಮೇಲೆಯೇ ಇದ್ದಿತು. ಕೊಡದೆ ಕರೆದರೆ ಬಂದವನು ನಿಲ್ಲುವುದಿಲ್ಲವೆಂಬ ಲೆಕ್ಕಾಚಾರವೇ ಅವನಿಂದ ಈ ಮಾತನ್ನು ಆಡಿಸಿತು.

ಮೈಸೂರು ಸೀಮೆಯ ಕಂದಾಯದ ಪರಿಭಾಷೆಯಲ್ಲಿ ಇದೇ ನೀತಿಯ ಗುರುತುಗಳು ಉಳಿದಿವೆ. ಬೀಳುನೆಲವನ್ನು ಹಿಡಿದವನಿಗೆ ಮೊದಲ ವರ್ಷಗಳಲ್ಲಿ ಅಲ್ಪ ಕಂದಾಯ ಗೊತ್ತುಮಾಡಿ, ವರ್ಷದಿಂದ ವರ್ಷಕ್ಕೆ ಏರಿಸುತ್ತ ಪೂರ್ಣ ಕಂದಾಯಕ್ಕೆ ತರುವ ಕ್ರಮಕ್ಕೆ 'ಶ್ರಾಯ' ಎಂದು ಹೆಸರು. ಕೆರೆ ಕಟ್ಟಿಸಿದವನಿಗೆ ಆ ಕೆರೆಯ ಕೆಳಗೆ ಬಿಟ್ಟುಕೊಡುತ್ತಿದ್ದ ನೆಲ 'ಕಟ್ಟುಕೊಡಗಿ'. ಬರುವವನಿಗೆ ಅಭಯವನ್ನೂ ಷರತ್ತುಗಳನ್ನೂ ಬರೆದುಕೊಡುವ ಪತ್ರ 'ಕೌಲು'. ಈ ಮೂರರಲ್ಲಿಯೂ ಆಳುವವನು ತಾನು ಏನು ಕೊಡುವೆನೆಂಬುದನ್ನು ಮೊದಲೇ ಹೇಳುತ್ತಾನೆ. ಜನಪದ ಹಾಡಿನಲ್ಲಿ ಹೆಸರಾದ ಕುಣಿಗಲು ಕೆರೆಯನ್ನು ನೋಡಿದವರಿಗೆ ಇದರ ಅರ್ಥ ತಾನಾಗಿಯೇ ಹೊಳೆಯುತ್ತದೆ. ಮಳೆ ಕಡಮೆಯಾದ ಈ ಬಯಲಿನಲ್ಲಿ ನೀರು ನಿಂತ ಕಡೆಯಲ್ಲಿ ಜನ ನಿಂತರು. ಅದೇ ತಾಲ್ಲೂಕಿನ ಹುತ್ರಿದುರ್ಗವು ಕೆಂಪೇಗೌಡರ ಮನೆತನದ ಕೋಟೆಗಳಲ್ಲಿ ಒಂದು. ಆ ಮನೆತನದ ಮೂಲಪುರುಷರು ಕಂಚಿಯ ಕಡೆಯಿಂದ ವಲಸೆ ಬಂದು ಆವತಿಯಲ್ಲಿ ನೆಲಸಿದರೆಂಬ ಐತಿಹ್ಯವನ್ನು ನೆನೆದರೆ, ನಾಡು ಕಟ್ಟಿದವರೆಂದು ನಾವು ಇಂದು ಪೂಜಿಸುವವರೂ ಒಂದು ಕಾಲಕ್ಕೆ ಪರಸ್ಥಳದ ಒಕ್ಕಲೇ ಎಂಬುದು ಸ್ಪಷ್ಟವಾಗುತ್ತದೆ. ಗುಬ್ಬಿಯ ಪೇಟೆ ಬೆಳೆದುದು ಇನ್ನೊಂದು ಬಗೆ. ಅಲ್ಲಿ ಜನರನ್ನು ಎಳೆದುದು ನೆಲವಲ್ಲ, ಸಂತೆ. 1800ರಲ್ಲಿ ಈ ಮಾರ್ಗವಾಗಿ ಸಂಚರಿಸಿದ ಬುಕನನ್ ಅದನ್ನು ಮುಖ್ಯವಾದ ವ್ಯಾಪಾರಸ್ಥಳವೆಂದು ಕಂಡನು.

ಈಗ ಶಿರಾದ ವಿಚಾರ. ಇದನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕಾಗಿದೆ. 1638ರಲ್ಲಿ ಬಿಜಾಪುರದ ಸೇನಾನಿ ರಣದುಲ್ಲಾ ಖಾನನು ಶಿರಾವನ್ನು ಹಿಡಿದನು. 1687ರಲ್ಲಿ ಅದು ಮೊಗಲರ ಪ್ರಾಂತದ ರಾಜಧಾನಿಯಾಯಿತು. ಹದಿನೆಂಟನೆಯ ಶತಮಾನದ ಮಧ್ಯದವರೆಗೆ ಆಳಿದ ದಿಲಾವರ್ ಖಾನನ ಕಾಲದಲ್ಲಿ ಅದರ ವೈಭವ ಪರಾಕಾಷ್ಠೆಗೆ ಮುಟ್ಟಿ, ಅಲ್ಲಿ 50,000 ಮನೆಗಳಿದ್ದುವೆಂಬ ಹೇಳಿಕೆಯನ್ನು ರೈಸ್ ಅವರು ತಮ್ಮ ಗೆಜೆಟಿಯರಿನಲ್ಲಿ ದಾಖಲಿಸಿದ್ದಾರೆ. ಸಂಖ್ಯೆಯಲ್ಲಿ ಉತ್ಪ್ರೇಕ್ಷೆ ಇರಬಹುದು. ನಗರವು ದೊಡ್ಡದಾಗಿದ್ದಿತೆಂಬುದರಲ್ಲಿ ಸಂದೇಹವಿಲ್ಲ. ಬೆಂಗಳೂರಿನ ಲಾಲ್‌ಬಾಗಿಗೆ ಅಲ್ಲಿನ ಖಾನ್ ಬಾಗ್ ಮಾದರಿಯಾಯಿತೆಂದು ಹೇಳುತ್ತಾರೆ. 1761ರಲ್ಲಿ ಹೈದರನ ಕೈಸೇರಿದ ಶಿರಾ, ನಡುವೆ ಕೆಲವು ವರ್ಷ ಮರಾಠರ ವಶದಲ್ಲಿದ್ದು, ಮತ್ತೆ ಮೈಸೂರಿಗೆ ಬಂದಿತು. ಅನಂತರ ಟಿಪ್ಪು ಸುಲ್ತಾನನು ಶ್ರೀರಂಗಪಟ್ಟಣದ ದ್ವೀಪದಲ್ಲಿ ಗಂಜಾಂ ಎಂಬ ಹೊಸ ಪೇಟೆಯನ್ನು ತುಂಬಿಸುವುದಕ್ಕಾಗಿ ಶಿರಾದಿಂದ 12,000 ಕುಟುಂಬಗಳನ್ನು ಬಲವಂತವಾಗಿ ಸಾಗಿಸಿದನೆಂದು ಅದೇ ಗೆಜೆಟಿಯರು ತಿಳಿಸುತ್ತದೆ.

ಪರಿಣಾಮವೇನಾಯಿತು? ರಾಜಧಾನಿಯ ಪಕ್ಕದಲ್ಲಿ ಒಮ್ಮೆಗೇ ಒಂದು ನಗರ ಎದ್ದಿತು. ಆದರೆ ಆ ಜನರನ್ನು ಅಲ್ಲಿ ಹಿಡಿದಿದ್ದುದು ಅರಮನೆಯ ಅಪ್ಪಣೆ ಮತ್ತು ಅರಮನೆಯ ಬೇಡಿಕೆ. 1792ರ ಮತ್ತು 1799ರ ಮುತ್ತಿಗೆಗಳಲ್ಲಿ ಮೊದಲು ಬೇಡಿಕೆ ಕುಗ್ಗಿತು, ಆಮೇಲೆ ಅರಮನೆಯೇ ಹೋಯಿತು. ಗಂಜಾಂ ಕ್ಷೀಣಿಸಿ ಇಂದು ಒಂದು ಚಿಕ್ಕ ಊರು. ಇತ್ತ ಶಿರಾ ತನ್ನ ಹಿಂದಿನ ಸ್ಥಾನಕ್ಕೆ ಮತ್ತೆ ಏರಲಿಲ್ಲ. ರಾಜ್ಯದ ಒಟ್ಟು ಜನಸಂಖ್ಯೆಗೆ ಇದರಿಂದ ಒಂದು ತಲೆಯೂ ಸೇರಲಿಲ್ಲ. ಎರಡು ಊರುಗಳು ಮಾತ್ರ ಹಾಳಾದುವು. ಟಿಪ್ಪುವಿನ ಇತರ ಕಾರ್ಯಗಳ ಗುಣದೋಷವನ್ನು ಚರ್ಚಿಸುವ ಸ್ಥಳ ಇದಲ್ಲ. ಜನರನ್ನು ಸಾಮಾನಿನಂತೆ ಎತ್ತಿಡಬಹುದೆಂಬ ಎಣಿಕೆಯನ್ನು ಅಂದಿನ ಅನೇಕ ಅರಸರು ಹೊಂದಿದ್ದರು.

ಹೊರಗಿನವರು ಬಾರದಿದ್ದರೆ ನಾಡು ತುಂಬುವುದೇ ಇಲ್ಲವೆಂದು ವಾದಿಸುವವರಿಗೆ ಇನ್ನೊಂದು ಅಧ್ಯಾಯವನ್ನು ತೋರಿಸಬೇಕು. 1876-78ರ ಮಹಾಕ್ಷಾಮದಲ್ಲಿ ತುಮಕೂರು ಜಿಲ್ಲೆ ಅತ್ಯಂತ ಕಷ್ಟಕ್ಕೆ ಗುರಿಯಾಯಿತು. 1871ರ ಗಣತಿಯಲ್ಲಿ ಸುಮಾರು 6,32,000 ಇದ್ದ ಜನ 1881ರಲ್ಲಿ ಸುಮಾರು 4,13,000ಕ್ಕೆ ಇಳಿದರು. ಅಂದರೆ ಮೂವರಲ್ಲಿ ಒಬ್ಬರು ಸತ್ತರು ಅಥವಾ ನಾಡು ಬಿಟ್ಟರು. 1891ರಲ್ಲಿ ಈ ಸಂಖ್ಯೆ 5,80,000ಕ್ಕೆ, 1901ರಲ್ಲಿ 6,79,000ಕ್ಕೆ ಏರಿತು. ಹತ್ತು ವರ್ಷಗಳಲ್ಲಿ ನೂರಕ್ಕೆ ನಲವತ್ತರಷ್ಟು ಏರಿಕೆ ಕೇವಲ ಜನನದಿಂದ ಆಗಲಾರದು. ಹೊಟ್ಟೆಪಾಡಿಗೆ ಹೊರಟುಹೋದವರು ಹಿಂದಿರುಗಿದರೆಂದೇ ಊಹಿಸಬೇಕಾಗಿದೆ. ಅವರನ್ನು ಯಾವ ಇಲಾಖೆಯೂ ಎಳೆದು ತರಲಿಲ್ಲ. ಮಳೆ ಬಂದಿತು, ಕೆರೆ ತುಂಬಿತು, 1884ರಲ್ಲಿ ರೈಲು ತುಮಕೂರನ್ನು ಮುಟ್ಟಿತು. ಬಿಟ್ಟುಹೋದ ಹೊಲ ತಮ್ಮದೇ ಆಗಿ ಉಳಿದಿದ್ದವರಿಗೆ ಮರಳಲು ಅಷ್ಟು ಸಾಕಾಯಿತು.

ಇದೇ ದಶಕದಲ್ಲಿ ಪಕ್ಕದ ಕೋಲಾರ ಜಿಲ್ಲೆಯಲ್ಲಿ ಬೇರೊಂದು ಪ್ರಯೋಗ ಆರಂಭವಾಯಿತು. ಚಿನ್ನದ ಗಣಿಗಳಿಗೆ ತಮಿಳು ಜಿಲ್ಲೆಗಳಿಂದ ಸಾವಿರಾರು ಕೂಲಿಗಳು ಬಂದರು. ಅವರಿಗೆ ಕಂಪನಿಯ ಲೈನುಗಳಲ್ಲಿ ಗುಡಿಸಲು ದೊರೆಯಿತು, ಕೂಲಿ ದೊರೆಯಿತು, ನೆಲ ದೊರೆಯಲಿಲ್ಲ. ನಾಲ್ಕೈದು ತಲೆಮಾರು ಅಲ್ಲಿಯೇ ಹುಟ್ಟಿ ಬೆಳೆದ ಮೇಲೂ, 2001ರ ಫೆಬ್ರವರಿ 28ರಂದು ಗಣಿ ಮುಚ್ಚಿದಾಗ, ತಾವು ವಾಸವಾಗಿರುವ ಮನೆಯ ಹಕ್ಕಿಗಾಗಿ ಅವರು ಅರ್ಜಿ ಹಿಡಿದು ನಿಲ್ಲಬೇಕಾಯಿತು. ಅವರ ಮಕ್ಕಳು ಈಗ ಬೆಳಗಿನ ರೈಲಿನಲ್ಲಿ ಬೆಂಗಳೂರಿಗೆ ಕೆಲಸಕ್ಕೆ ಹೋಗಿಬರುತ್ತಾರೆ. ನಮ್ಮ ತುಮಕೂರಿನ ಯುವಕರೂ ಇನ್ನೊಂದು ದಿಕ್ಕಿನ ರೈಲಿನಲ್ಲಿ ಅದೇ ಊರಿಗೆ ಹೋಗುತ್ತಾರೆ.

ಅವರು ಹೋದ ಜಾಗಕ್ಕೆ ಬರುತ್ತಿರುವವರು ಯಾರು? ತುಮಕೂರಿನ ಹೊರವಲಯದ ವಸಂತನರಸಾಪುರದಲ್ಲಿ ಕಾರ್ಖಾನೆಗಳು ಹಬ್ಬಿವೆ. ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ 2023ರ ಫೆಬ್ರವರಿಯಲ್ಲಿ ಹೆಲಿಕಾಪ್ಟರ್ ಕಾರ್ಖಾನೆ ಆರಂಭವಾಯಿತು. ಈ ಸೀಮೆಯ ಕಟ್ಟಡದ ಕೆಲಸದಲ್ಲಿ, ಕಾರ್ಖಾನೆಗಳಲ್ಲಿ, ಹೋಟೆಲುಗಳಲ್ಲಿ ಬಿಹಾರ, ಒಡಿಶಾ, ಅಸ್ಸಾಂಗಳಿಂದ ಬಂದವರನ್ನು ಎಲ್ಲರೂ ಕಾಣುತ್ತೇವೆ. ಇವರು ಪರದೇಶದವರಲ್ಲ. ಭಾರತದ ಯಾವ ಭಾಗದಲ್ಲಿಯಾದರೂ ಸಂಚರಿಸುವ, ನೆಲಸುವ ಹಕ್ಕನ್ನು ಸಂವಿಧಾನದ 19ನೆಯ ಅನುಚ್ಛೇದ ಅವರಿಗೆ ಕೊಟ್ಟಿದೆ. ಆದುದರಿಂದ ಇವರನ್ನು ಬರಗೊಡಬೇಕೇ ಬೇಡವೇ ಎಂಬ ಪ್ರಶ್ನೆಯೇ ಏಳುವುದಿಲ್ಲ. ಏಳುವ ಪ್ರಶ್ನೆ, ಇವರನ್ನು ನಾವು ಒಕ್ಕಲೆಂದು ಎಣಿಸುತ್ತೇವೆಯೋ ತಲೆಯೆಂದು ಎಣಿಸುತ್ತೇವೆಯೋ ಎಂಬುದು. 2020ರ ಮೇ 5ರಂದು, ಸಾಂಕ್ರಾಮಿಕದ ಮಧ್ಯೆ ಊರಿಗೆ ಹೊರಟಿದ್ದ ಕಾರ್ಮಿಕರ ವಿಶೇಷ ರೈಲುಗಳನ್ನು ನಿಲ್ಲಿಸುವಂತೆ ಕರ್ನಾಟಕ ಸರ್ಕಾರವು ರೈಲ್ವೆಯನ್ನು ಕೇಳಿಕೊಂಡಿತು. ಅದಕ್ಕೆ ಮುನ್ನ ಕಟ್ಟಡ ಉದ್ಯಮಿಗಳ ಸಭೆ ನಡೆದಿತ್ತು. ಟೀಕೆ ಎದ್ದುದರಿಂದ ಕೆಲವೇ ದಿನಗಳಲ್ಲಿ ರೈಲುಗಳು ಪುನಃ ಹೊರಟುವು. ಶಿರಾದ ಪಾಠವನ್ನು ಹೇಳುವಾಗ ನನಗೆ ಈ ಮೂರು ದಿನಗಳು ನೆನಪಾಗದೆ ಇರುವುದಿಲ್ಲ.

ಇದಕ್ಕೆ ಪ್ರತಿವಾದವುಂಟು, ಅದು ತಳ್ಳಿಹಾಕುವಂಥದಲ್ಲ. ಶ್ರಾಯ ಕೊಡುತ್ತಿದ್ದ ಕಾಲದಲ್ಲಿ ಬೀಳುನೆಲ ಧಾರಾಳವಾಗಿದ್ದಿತು, ಇಂದು ಇಲ್ಲ. ಬಿದರೆಹಳ್ಳ ಕಾವಲೂ ಹೆಸರೇ ಹೇಳುವಂತೆ ಒಂದು ಕಾಲಕ್ಕೆ ಹುಲ್ಲುಗಾವಲು. ಬಾಡಿಗೆ ಏರಿದರೆ ಮೊದಲು ಬಳಲುವವರು ಸ್ಥಳೀಕರಲ್ಲಿಯೇ ಬಡವರಾದವರು. ಕೆನಡಾ ದೇಶದಲ್ಲಿ ನಡೆದುದೂ ಇದೇ. ವರ್ಷಕ್ಕೆ 5,00,000 ಜನರನ್ನು ಬರಮಾಡಿಕೊಳ್ಳುವ ಗುರಿಯನ್ನು 2022ರಲ್ಲಿ ಸಾರಿದ ಅಲ್ಲಿನ ಸರ್ಕಾರ, ಮನೆಗಳ ಅಭಾವದ ಕೂಗೆದ್ದ ಮೇಲೆ, 2024ರ ಅಕ್ಟೋಬರಿನಲ್ಲಿ 2025ರ ಗುರಿಯನ್ನು 3,95,000ಕ್ಕೆ ಇಳಿಸಿತು. ಮೊದಲು ಸಂಖ್ಯೆಯನ್ನು ಗೊತ್ತುಮಾಡಿ ಆಮೇಲೆ ಮನೆಯನ್ನು ಹುಡುಕಿದುದರ ಫಲವಿದು. ಇದಕ್ಕೆ ವಿರುದ್ಧವಾಗಿ, 1960ರಲ್ಲಿ ಟಿಬೆಟಿನ ನಿರಾಶ್ರಿತರು ಬೈಲುಕುಪ್ಪೆಗೆ ಬಂದಾಗ ಅಂದಿನ ಮೈಸೂರು ರಾಜ್ಯ ಮೊದಲು ಸುಮಾರು 3,000 ಎಕರೆ ನೆಲವನ್ನು ಗುರುತಿಸಿತು. ಅವರು ಕಾಡನ್ನು ಸವರಿ ಜೋಳ ಬೆಳೆದರು. ಊರು ಇಂದಿಗೂ ನಿಂತಿದೆ.

ನನ್ನ ಅಭಿಪ್ರಾಯದಲ್ಲಿ ವಲಸೆಯಿಂದ ಜನವೃದ್ಧಿ ಮಾಡಿಕೊಳ್ಳುವುದು ಸಾಧುವೇ. ಆದರೆ ಕರೆಯುವ ರಾಜ್ಯವು ಎಷ್ಟು ಜನ ಬೇಕೆಂಬುದಕ್ಕೆ ಮುನ್ನ ತಾನು ಕೊಡುವ ಕೌಲೇನೆಂಬುದನ್ನು ಬರೆಯಬೇಕು. ಆ ಕೌಲಿನಲ್ಲಿ ಹಳೆಯ ಒಕ್ಕಲಿನ ನೀರು, ನೆಲ, ಬಾಡಿಗೆಗಳ ಮಾತೂ ಸೇರಿರಬೇಕು. ಬಂದವನ ಮಗು ಇಲ್ಲಿನ ಶಾಲೆಯಲ್ಲಿ ಕನ್ನಡ ಕಲಿಯುವ ಏರ್ಪಾಡನ್ನು ನಾನು ಈ ಕೌಲಿನ ಒಂದು ಷರತ್ತೆಂದೇ ತಿಳಿಯುತ್ತೇನೆ. ಅದು ಎರಡು ಕಡೆಗೂ ಸಲ್ಲುವಂಥದು.

ಈ ವಿಷಯದಲ್ಲಿ ನಮ್ಮ ವಿದ್ಯಾರ್ಥಿಗಳು ಮಾಡಬಹುದಾದ ಕೆಲಸ ಸಾಕಷ್ಟಿದೆ. ಗುಬ್ಬಿ ಮತ್ತು ಕುಣಿಗಲು ತಾಲ್ಲೂಕುಗಳ ಹೊಸಹಳ್ಳಿ, ಪಾಳ್ಯ, ಪೇಟೆಗಳಲ್ಲಿ ಹಳೆಯ ಮನೆತನಗಳನ್ನು ಕಂಡು, ನಿಮ್ಮ ಹಿರಿಯರನ್ನು ಇಲ್ಲಿಗೆ ಕರೆದವರಾರು, ಕೊಟ್ಟುದೇನು, ಬಿಟ್ಟುಹೋಗಲು ಅವರು ಸ್ವತಂತ್ರರಾಗಿದ್ದರೇ ಎಂಬ ಮೂರು ಪ್ರಶ್ನೆಗಳನ್ನು ಕೇಳಿ ಬರೆದುಕೊಳ್ಳಬೇಕು. ಅನಂತರ ಅದೇ ಮೂರು ಪ್ರಶ್ನೆಗಳನ್ನು ವಸಂತನರಸಾಪುರದ ಬಾಡಿಗೆ ಕೋಣೆಗಳಲ್ಲಿ ಕೇಳಬೇಕು. ಅಲ್ಲಿಗೆ ಹೋಗುವವರಲ್ಲಿ ಒಬ್ಬರಿಗಾದರೂ ಹಿಂದಿ ಬರುತ್ತಿರಲಿ.